ಏಳುಸುತ್ತಕ್ಕನ ಹೆಬ್ಬೆರಳು

ಎದುರಿಗೆ ಬಂದವರನ್ನು ಮಾತಾಡಿಸದೆ ಹೋದರೆ ಆ ಊರಿನಲ್ಲಿ ಅದು ಸಿಟ್ಟು, ಸಿಟ್ಟಲ್ಲದಿದ್ದರೆ ಕೊಬ್ಬು. ಅವಳೊಬ್ಬಳಿಗೆ ಮಾತ್ರ ಮಾಫಿ ಇತ್ತು. ಹಿಡಿಕೆ ಇರುವ ಒಂದು ಪುಟ್ಟ ಮರದ ಚಕ್ರವನ್ನು ಎದೆಗೆ ಆನಿಸಿಕೊಂಡು, ನೆಲ ನೋಡುತ್ತ, ತುಟಿ ಆಡಿಸುತ್ತ ಅವಳು ಬೀದಿಗೆ ಇಳಿದಳೆಂದರೆ ಗೊತ್ತಿದ್ದವರು ದಾರಿ ಬಿಡುತ್ತಿದ್ದರು, ತುಂಟರು ಬೇಕೆಂದೇ ಅಡ್ಡ ಬರುತ್ತಿದ್ದರು. "ಏನಕ್ಕಾ, ಊಟ ಆಯ್ತಾ?" ಎಂದರೆ "ಏಳು ಸುತ್ತು." "ಮಗಳಿಗೆ ಜ್ವರ ಬಿಡ್ತಾ?" ಎಂದರೆ "ಏಳು ಸುತ್ತು." "ನಿಮ್ಮ ಬೆಕ್ಕು ನಮ್ಮನೆ ಹಾಲೆಲ್ಲ ಕುಡಿದು ಹೋಯ್ತು, ಇದಕ್ಕೇನು ಹೇಳ್ತೀಯ?" ಎಂದು ಸೊಂಟಕ್ಕೆ ಕೈಕೊಟ್ಟು ಜಗಳಕ್ಕೇ ನಿಂತವರಿಗೂ ಅದೇ ಉತ್ತರ. ಹಾಗಾಗಿ ಅವಳಿಗೆ ಏಳುಸುತ್ತಕ್ಕ ಎಂದೇ ಹೆಸರಾಯಿತು. ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಕರೆದರೆ ಅವಳೇ ತಿರುಗಿ ನೋಡುತ್ತಿದ್ದಳೋ ಇಲ್ಲವೋ.

ಅವಳು ಹುಟ್ಟಿದ್ದು ಕಮ್ಮಾರನ ಮನೆಯಲ್ಲಿ, ಮದುವೆಯಾಗಿ ಬಂದದ್ದು ಅದೇ ಬೀದಿಯ ಬಡಗಿಯ ಮನೆಗೆ. ಎರಡಕ್ಕೂ ನಡುವೆ ಅರವತ್ತು ಹೆಜ್ಜೆ, ಮಧ್ಯೆ ಒಂದು ಬಿದ್ದ ಗೋಡೆಯ ತಿರುವು. ಗಂಡನ ಮನೆಗೆ ಹೊರಟ ದಿನ ಶುರು ಮಾಡಿದ ಅಳು ಒಂದು ಹದಕ್ಕೆ ಬರುವ ಮೊದಲೇ ಗಂಡನ ಮನೆ ಬಂದುಬಿಟ್ಟಿತ್ತು ಎಂದು ಅವಳ ಅತ್ತಿಗೆ ಹೇಳಿ ಹೇಳಿ ನಗುತ್ತಿದ್ದಳು. ಚಿಕ್ಕವಳಿದ್ದಾಗ ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿ ಒತ್ತಿ ಬಲಗೈ ಎಡಗೈಗಿಂತ ದಪ್ಪ. ಕಬ್ಬಿಣದ ಬಣ್ಣ ನೋಡಿ ಅದರ ಕಾವು ಹೇಳಬಲ್ಲಳು. ಮದುವೆಯಾದ ಮೇಲೆ ಮರದ ವಾಸನೆ ನೋಡಿ ಅದು ಎಷ್ಟು ಒಣಗಿದೆ ಎಂದೂ ಹೇಳುವಷ್ಟಾದಳು. ಆದರೆ ಎರಡನ್ನೂ ಯಾರೂ ಅವಳನ್ನು ಕೇಳಿರಲಿಲ್ಲ.

ಅಪ್ಪ ಹೋದ ಮೇಲೆ ಕುಲುಮೆ ಅಣ್ಣನದಾಯಿತು. ಸುತ್ತಲಿನ ಹತ್ತು ಹದಿನೈದು ಹಳ್ಳಿಗಳ ಗಾಡಿಗಳಿಗೆ ಚಕ್ರ ಇಲ್ಲಿಂದಲೇ ಹೋಗಬೇಕು. ಮರದ ಕೆಲಸ ಅವಳ ಗಂಡನದು, ಮರದ ಸುತ್ತ ಕೂರುವ ಕಬ್ಬಿಣದ ಪಟ್ಟಿ ಅವಳ ಅಣ್ಣನದು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಮುಗಿಯುವಂತಿಲ್ಲ. ಪಟ್ಟಿಯನ್ನು ಚಕ್ರಕ್ಕಿಂತ ಒಂದು ಬೆರಳಷ್ಟು ಗಿಡ್ಡ ಮಾಡಬೇಕು. ಅದನ್ನು ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ, ಹಿಗ್ಗಿದಾಗ ಚಕ್ರದ ಮೇಲೆ ಕೂರಿಸಿ ನೀರು ಸುರಿದರೆ ಕುಗ್ಗುತ್ತದೆ, ಕುಗ್ಗುವಾಗ ಮರದ ಸಂದುಗಳನ್ನೆಲ್ಲ ಒಳಕ್ಕೆ ಎಳೆದು ಬಿಗಿ ಮಾಡುತ್ತದೆ. ಮೊಳೆ ಇಲ್ಲ, ಅಂಟಿಲ್ಲ. ಆ ಒಂದು ಬೆರಳೇ ಎಲ್ಲ. ಬೆರಳು ಕಡಿಮೆಯಾದರೆ ಪಟ್ಟಿ ದಾರಿಯಲ್ಲಿ ಕಳಚಿ ತನ್ನಷ್ಟಕ್ಕೆ ತಾನು ಉರುಳಿಕೊಂಡು ಹೋಗುತ್ತದೆ, ಜಾಸ್ತಿಯಾದರೆ ಚಕ್ರದ ನಡುವಿನಿಂದ ಅಂಚಿಗೆ ಚಾಚಿದ ಆರೆಗಳು ಹಿಂಡಿಹೋಗುತ್ತವೆ.

ಅಳತೆಗೆ ಇದ್ದದ್ದು ಆ ಪುಟ್ಟ ಚಕ್ರ. ಅದರ ಅಂಚಿನಲ್ಲಿ ಒಂದು ಕಚ್ಚು. ಕಚ್ಚಿನಿಂದ ಶುರುಮಾಡಿ ಗಾಡಿಚಕ್ರದ ಹೊರಮೈ ಮೇಲೆ ಸುತ್ತ ಉರುಳಿಸಿದರೆ ಏಳು ಪೂರ್ತಿ ಸುತ್ತು ಆಗಿ, ಎಂಟನೆಯದರಲ್ಲಿ ಒಂದಿಷ್ಟಾಗಿ ನಿಲ್ಲುತ್ತದೆ. ನಿಂತಲ್ಲಿ ಪುಟ್ಟ ಚಕ್ರದ ಅಂಚಿನ ಮೇಲೆ ಸೀಮೆಸುಣ್ಣದ ಗೆರೆ. ಅಳೆಯುವುದು ಬಡಗಿ, ಒಂದೇ ಸಲ. ಕಮ್ಮಾರ ಆ ಅಳತೆಗೆ ಒಂದು ಬೆರಳು ಬಿಟ್ಟು ಪಟ್ಟಿ ಕತ್ತರಿಸಬೇಕು. ಇಬ್ಬರು ಅಳೆದರೆ ಎರಡು ಅಳತೆ ಆಗುತ್ತದೆ, ಎರಡು ಅಳತೆಯಾದರೆ ಒಂದು ಜಗಳ ಆಗುತ್ತದೆ ಎಂದು ಅವಳ ಅಪ್ಪನೂ ಗಂಡನ ಅಪ್ಪನೂ ಕೂತು ಮಾಡಿಕೊಂಡ ಕಟ್ಟಳೆ ಅದು. ಆದರೂ ಜಗಳ ಆಯಿತು.

ಒಂದು ಬೇಸಿಗೆಯಲ್ಲಿ ಇಬ್ಬರೂ ಸೇರಿ ಮಾಡಿದ ಚಕ್ರವೊಂದರ ಪಟ್ಟಿ ಇಳಿಜಾರಿನಲ್ಲಿ ಕಳಚಿಕೊಂಡು, ಗಾಡಿಯನ್ನು ಹಿಂದೆ ಹಾಕಿ, ಯಾರದೋ ಮನೆಯ ಬಾಗಿಲಿಗೆ ಹೋಗಿ ಹೊಡೆಯಿತು. ಮನೆಯವರು ನೆಂಟರು ಬಂದರೆಂದು ಬಾಗಿಲು ತೆಗೆದರಂತೆ. ಊರೆಲ್ಲ ನಕ್ಕಿತು, ಇಬ್ಬರು ಮಾತ್ರ ನಗಲಿಲ್ಲ. ಬಡಗಿ ಹತ್ತು ಜನರೆದುರು "ಪಟ್ಟಿ ಸಡಿಲ" ಎಂದ. ಕಮ್ಮಾರ ಅದೇ ಹತ್ತು ಜನರೆದುರು "ಮರ ಹಸಿ" ಎಂದ. ಅಷ್ಟೇ. ಅವತ್ತು ನಿಂತ ಮಾತು ಹನ್ನೊಂದು ವರ್ಷ ನಿಂತೇ ಇತ್ತು. ಇಬ್ಬರೂ ಒಬ್ಬರಿಗೊಬ್ಬರು ಭಾವ ಆಗುತ್ತಿದ್ದವರು, ಆಮೇಲೆ ಒಬ್ಬ "ನಿನ್ನ ಗಂಡ" ಆದ, ಇನ್ನೊಬ್ಬ "ನಿನ್ನ ಅಣ್ಣ" ಆದ. ಆ "ನಿನ್ನ" ಎಂಬುದು ಎರಡೂ ಕಡೆ ಇವಳೇ.

"ನಿನ್ನ ಅಣ್ಣನಿಗೆ ಹೇಳು, ಗುರುವಾರದ ಒಳಗೆ ಪಟ್ಟಿ ಬೇಕು ಅಂತ."

"ನಿನ್ನ ಗಂಡನಿಗೆ ಹೇಳು, ಕಬ್ಬಿಣ ಏನು ಕುಂಬಳ ಬಳ್ಳೀಲಿ ಬಿಡುತ್ತಾ ಅಂತ."

"ಏನಂದ?"

"ಶುಕ್ರವಾರ ಕೊಡ್ತಾನಂತೆ."

ದಾರಿಯಲ್ಲಿ ಮಾತುಗಳು ಹೀಗೆ ಸ್ವಲ್ಪ ಸವೆಯುತ್ತಿದ್ದವು. ಅವಳು ಸವೆಸುತ್ತಿದ್ದಳು.

ಅಳತೆಯ ಚಕ್ರವನ್ನು ಒಯ್ಯುವ ಕೆಲಸವೂ ಅವಳ ಪಾಲಿಗೆ ಬಂತು. ಗೆರೆ ಚಕ್ರದ ಮೇಲೇ ಇರುತ್ತಿತ್ತು, ಸುತ್ತಿನ ಲೆಕ್ಕವನ್ನು ಮಾತ್ರ ಕುಲುಮೆ ಮುಟ್ಟುವವರೆಗೆ ಬಾಯಲ್ಲೇ ಇಟ್ಟುಕೊಂಡು ಹೋಗಬೇಕಿತ್ತು. ಜಗಳದ ನಂತರದ ಮೊದಲ ಚಕ್ರ ವಿಚಿತ್ರವಾಗಿತ್ತು. ಪಟ್ಟಿ ಕೂರಿಸುವುದು ಅಣ್ಣನ ಅಂಗಳದಲ್ಲಿ. ಅಣ್ಣ, ಅತ್ತಿಗೆ, ಅವಳು ಮೂವರೂ ಮೂರು ಇಕ್ಕಳಗಳಲ್ಲಿ ಕೆಂಪು ಪಟ್ಟಿಯನ್ನು ಎತ್ತಿ ಚಕ್ರದ ಮೇಲಿಟ್ಟರೆ ಅದು ಇಳಿಯಲೇ ಒಲ್ಲದು. ಅಣ್ಣ ಹೊಡೆದೂ ಹೊಡೆದೂ ಕೂರಿಸಿದ. ನೀರು ಸುರಿದರು. ಚಕ್ರ ಒಮ್ಮೆ ನರಳಿ, ತಟ್ಟೆಯ ಹಾಗೆ ಬಾಗಿ, ಒಂದು ಆರೆ ಪಟ್ ಎಂದು ಸೀಳಿತು. "ನೋಡಿದ್ಯಾ ನಿನ್ನ ಗಂಡನ ಮರ?" ಎಂದ ಅಣ್ಣ. ಸೀಳಿದ ಸದ್ದು ಅರವತ್ತು ಹೆಜ್ಜೆ ದಾಟಿ ಗಂಡನ ಕಿವಿಗೂ ಬಿದ್ದಿತ್ತು. "ಕೇಳಿಸ್ತಾ ನಿನ್ನ ಅಣ್ಣನ ಕೆಲಸ?" ಎಂದ ಗಂಡ.

 ಮುಂದಿನ ಸಲ ಗಂಡ ಅಳೆಯುವಾಗ ಅಕ್ಕಿ ಆರಿಸುವ ನೆಪ ಮಾಡಿಕೊಂಡು ಅವಳು ಪಕ್ಕದಲ್ಲೇ ಕೂತಳು. ಗಂಡ ಏಳು ಸುತ್ತು ಉರುಳಿಸಿದ. ನಿಂತಲ್ಲಿ ಬೆರಳಿಟ್ಟ. ಆಮೇಲೆ ಅತ್ತ ಇತ್ತ ನೋಡಿ, ಗೆರೆಯನ್ನು ಒಂದು ಬೆರಳು ಹಿಂದಕ್ಕೆ ಎಳೆದ. ಇವಳ ಅಣ್ಣ ಬಿಡಬೇಕಾದ ಬೆರಳು ಬಿಡುತ್ತಾನೋ ಇಲ್ಲವೋ, ನನ್ನದೊಂದು ಇರಲಿ ಎಂದು. ಅಲ್ಲಿಂದ ಅವಳು ಕುಲುಮೆಗೆ ಹೋಗಿ, ಅತ್ತಿಗೆಗೆ ತಿದಿ ಒತ್ತಲು ನೆರವಾಗುವ ನೆಪದಲ್ಲಿ ಅಲ್ಲೂ ಕೂತಳು. ಅಣ್ಣ ಗೆರೆ ನೋಡಿದ, ಒಂದು ಬೆರಳು ಬಿಟ್ಟ. ಸ್ವಲ್ಪ ಯೋಚಿಸಿ ಇನ್ನೊಂದು ಬೆರಳು ಬಿಟ್ಟ. "ಸಡಿಲ ಅಂದನಲ್ಲ," ಎಂದು ಪಟ್ಟಿಗೆ ಹೇಳಿದ, "ಈಗ ಅನ್ನಲಿ."

ಬೇಕಾದದ್ದು ಒಂದು ಬೆರಳು, ಹೋಗುತ್ತಿದ್ದದ್ದು ಮೂರು. ಆ ಚಕ್ರವೂ ಸೀಳಿತು.

ಆ ರಾತ್ರಿಯೆಲ್ಲ ಯೋಚಿಸಿದಳು ಎಂದೇನೂ ಇಲ್ಲ. ಅವಳಿಗೆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು. ಗಂಡನಿಗೆ ಹೇಳಿದರೆ "ಅಂದ್ರೆ ನಾನು ಕಳ್ಳ ಅಳತೆ ಕೊಡ್ತೀನಾ?" ಎನ್ನುತ್ತಾನೆ. ಅಣ್ಣನಿಗೆ ಹೇಳಿದರೆ "ನಿನ್ನ ಗಂಡ ನನಗೆ ಕಳ್ಳ ಅಳತೆ ಕಳಿಸ್ತಾನಾ?" ಎನ್ನುತ್ತಾನೆ. ಇಬ್ಬರ ಕೋಪವೂ ಮೂಗಿನ ತುದಿಯಲ್ಲೇ ಇರುವಂಥದ್ದು. ಹಾಗಾಗಿ ಮೂರನೆಯ ಸಲ ಅವಳು ಅಳತೆ ಹಿಡಿದು ಹೊರಟಾಗ, ಬಿದ್ದ ಗೋಡೆಯ ತಿರುವಿನಲ್ಲಿ, ಎರಡು ಬಾಗಿಲುಗಳಿಂದಲೂ ಕಾಣದ ಆ ನಾಲ್ಕು ಹೆಜ್ಜೆಯ ಜಾಗದಲ್ಲಿ ನಿಂತಳು. ಗಂಡನ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದಳು. ಸೆರಗಿನ ಗಂಟಿನಿಂದ ಸೀಮೆಸುಣ್ಣದ ಚೂರು ತೆಗೆದು, ಎರಡು ಬೆರಳು ಮುಂದಕ್ಕೆ ಹೊಸ ಗೆರೆ ಎಳೆದಳು. ಉಫ್ ಎಂದು ಪುಡಿ ಊದಿ, ಮುಂದೆ ನಡೆದಳು. "ಏಳು ಸುತ್ತು, ಏಳು ಸುತ್ತು."

ಆ ಚಕ್ರಕ್ಕೆ ಪಟ್ಟಿ ಹೇಗೆ ಕೂತಿತೆಂದರೆ, ಅಣ್ಣ ಸುತ್ತಿಗೆಯಿಂದ ಒಂದು ತಟ್ಟು ತಟ್ಟಿದಾಗ ಬಂದ ಟಣ್ ಸದ್ದಿಗೆ ಬೀದಿಯ ಆಚೆ ತುದಿಯ ನಾಯಿ ಎದ್ದು ನಿಂತಿತು.

ಹನ್ನೊಂದು ವರ್ಷ ಹೀಗೇ ನಡೆಯಿತು. ಚಕ್ರಗಳಿಗೆ ಹೆಸರು ಬಂತು. ಎರಡು ದಿನದ ದಾರಿ ನಡೆದು ಜನ ಬಂದರು. ಬಂದವರಿಗೆ ಬಡಗಿ ಗುಟ್ಟು ಹೇಳುವವನ ಹಾಗೆ, "ಕಮ್ಮಾರ ಅಷ್ಟಕ್ಕಷ್ಟೇ ಬಿಡಿ, ನನ್ನ ಅಳತೇಲಿ ಇದೆ ಎಲ್ಲ" ಎನ್ನುತ್ತಿದ್ದ. ಕಮ್ಮಾರನೂ ಅದೇ ಗಿರಾಕಿಗೆ ಅದೇ ದನಿಯಲ್ಲಿ, "ಬಡಗಿ ಹೆಂಗೋ ಅಳೀತಾನೆ, ಕೊನೇಗೆ ಸರಿಮಾಡೋದು ನಾನು" ಎನ್ನುತ್ತಿದ್ದ. ಇಬ್ಬರ ಮಾತನ್ನೂ ಕೇಳಿಸಿಕೊಂಡ ಏಳುಸುತ್ತಕ್ಕ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಉಗುರಿನ ಸಂದಿನ ಬಿಳುಪು ತೊಳೆದರೂ ಹೋಗುತ್ತಿರಲಿಲ್ಲ.

ಅವಳಿಗೆ ಹೆಸರು ಬೇಕಿರಲಿಲ್ಲ. ಬೇಕಿದ್ದದ್ದು ಒಂದೇ, ಅಣ್ಣ ಒಂದು ಸಲ ತನ್ನ ಹೊಸ್ತಿಲು ದಾಟಬೇಕು, ತನ್ನ ಕೈಯಡುಗೆ ಉಣ್ಣಬೇಕು, ಗಂಡ ಪಕ್ಕದಲ್ಲಿ ಕೂತಿರಬೇಕು. ಅರವತ್ತು ಹೆಜ್ಜೆ ದೂರದ ತವರು, ಅಲ್ಲಿಂದ ಹನ್ನೊಂದು ವರ್ಷದಲ್ಲಿ ಅವಳ ಮನೆಗೆ ಒಂದು ಸಲವೂ ಬಂದದ್ದಿಲ್ಲ. ಅಣ್ಣ ದಿನಾ ಅವಳ ಬಾಗಿಲ ಮುಂದೆಯೇ ನೀರಿಗೆ ಹೋಗುತ್ತಿದ್ದ, ಮುಖವನ್ನು ಅತ್ತ ತಿರುಗಿಸಿಕೊಂಡು. ತಿರುಗಿಸಿ ತಿರುಗಿಸಿ ಕತ್ತು ಆ ಕಡೆಗೇ ನಿಂತುಹೋದೀತು ಎಂದು ಅತ್ತಿಗೆ ಹೇಳುತ್ತಿದ್ದಳು.

ರಾಜಿ ಮಾಡಿಸಲು ಊರಿನ ದೊಡ್ಡವರು ಎರಡು ಸಲ ಬಂದು ಸೋತು ಹೋಗಿದ್ದರು. ಕೊನೆಗೆ ಮಾಡಿಸಿದ್ದು ಒಂದು ಹಲ್ಲು.

ಆ ಕಾಲದಲ್ಲಿ ಹಲ್ಲು ಕೀಳುವವನೂ ಕಮ್ಮಾರನೇ. ಇಕ್ಕಳ ಇದ್ದದ್ದು ಅವನ ಹತ್ತಿರ ತಾನೇ. ಬಡಗಿಯ ಹಿಂದಿನ ದವಡೆಹಲ್ಲು ಹುಳುಕಾಗಿ ಒಂಬತ್ತು ದಿನ ಅವನು ಗಂಜಿ ಕುಡಿದ. ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತು. ತಲೆಗೂ ಗಲ್ಲಕ್ಕೂ ಸೇರಿಸಿ ಬಟ್ಟೆ ಕಟ್ಟಿಕೊಂಡು ಮರ ಕೆತ್ತುವ ಬಾಚಿ ಹಿಡಿದು ಕೂತರೆ, ಒಂದೊಂದು ಏಟೂ ಮರಕ್ಕೆ ಬೀಳುವ ಮೊದಲು ಹಲ್ಲಿಗೆ ಬೀಳುತ್ತಿತ್ತು.

"ಅಣ್ಣನ ಹತ್ತಿರ ಹೋಗ್ರೀ," ಎಂದಳು ಅವಳು.

"ನಿನ್ನ ಅಣ್ಣನ ಕೈಗೆ ಹಲ್ಲು ಕೊಡೋ ಬದಲು ತಲೇನೇ ಕೊಡ್ತೀನಿ."

"ಎರಡೂ ಒಂದೇ ಕಡೆ ಇದಾವಲ್ಲ, ಒಟ್ಟಿಗೇ ತಗೊಂಡು ಹೋಗಿ."

ಹತ್ತನೆಯ ದಿನ ಅವನು ಚಕ್ರ ಅಳೆಯುತ್ತಿದ್ದಾಗ ಒಂದು ಸಲ ಆರು ಸುತ್ತು ಬಂತು, ಇನ್ನೊಂದು ಸಲ ಎಂಟು. ಅವಳು ಅಳತೆಯನ್ನು ಮೊಳೆಗೆ ತಗುಲಿಹಾಕಿ, ಗಂಡನ ಮಣಿಕಟ್ಟು ಹಿಡಿದು, ದಪ್ಪಗಿದ್ದ ಬಲಗೈಯಿಂದಲೇ ಹಿಡಿದು, ಅರವತ್ತು ಹೆಜ್ಜೆಯೂ ಎಳೆದುಕೊಂಡು ಹೋದಳು.

ಕಮ್ಮಾರ ತಲೆಯೆತ್ತಿ ನೋಡಿದ. ಅಂಗಳದಲ್ಲಿ ಭಾವ ನಿಂತಿದ್ದಾನೆ, ಒಂದು ಮಾರು ದೂರದಲ್ಲಿ. ಕಮ್ಮಾರ ತಂಗಿಯ ಕಡೆ ತಿರುಗಿದ.

"ಕೂತ್ಕೋ ಅನ್ನು ನಿನ್ನ ಗಂಡನಿಗೆ."

"ಕೂತ್ಕೋಬೇಕಂತೆ ರೀ."

"ಬಾಯಿ ತೆಗಿ ಅನ್ನು."

"ಬಾಯಿ ತೆಗೀಬೇಕಂತೆ."

ಬಡಗಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದ ಮಣೆಯ ಮೇಲೆ ಕೂತು ಬಾಯಿ ತೆಗೆದ. ಕಮ್ಮಾರ ಸಣ್ಣ ಇಕ್ಕಳ ತೊಳೆದು ತಂದ. "ಯಾವ ಹಲ್ಲು ಅಂತ ಕೇಳು."

"ಯಾವ ಹಲ್ಲು ರೀ?"

"ಆಂ... ಆಂ," ಎಂದ ಬಡಗಿ.

ಕಮ್ಮಾರ ತಂಗಿಯ ಮುಖ ನೋಡಿದ. ತಂಗಿ ಕೈಚೆಲ್ಲಿದಳು. ಹನ್ನೊಂದು ವರ್ಷದಲ್ಲಿ ದಾಟಿಸಲಾಗದ ಮೊದಲ ಮಾತು ಅದು. ಕಮ್ಮಾರ ಸ್ವಲ್ಪ ಹೊತ್ತು ಇಕ್ಕಳವನ್ನು ಬಾಯಿ ತೆಗೆಸಿ ಮುಚ್ಚಿಸಿ ಮಾಡಿದ. ಆಮೇಲೆ ಬಗ್ಗಿ, ಭಾವನ ಬಾಯೊಳಗೆ ಇಣುಕಿ, ಬಾವಿಯೊಳಗೆ ಬಿದ್ದವರನ್ನು ಮಾತಾಡಿಸುವ ಹಾಗೆ ಕೇಳಿದ. "ಇದಾ, ಭಾವ?"

ಬಡಗಿ ತಲೆ ಆಡಿಸಿದ. ಹಲ್ಲು ಬಂತು. ಅವನು ಉಗುಳಿ, ಬಾಯಿ ತೊಳೆದು, ಇಕ್ಕಳದಲ್ಲಿದ್ದದ್ದನ್ನು ಬಹಳ ಹೊತ್ತು ನೋಡಿದ.

"ಇಷ್ಟೇನಾ ಅದು?"

"ಇಷ್ಟೇ, ಭಾವ."

ಅವಳು ತಿದಿಯ ಹಿಂದೆ ಹೋಗಿ ಕಣ್ಣೊರೆಸಿಕೊಂಡಳು. ಏನಾಯ್ತು ಎಂದು ಅತ್ತಿಗೆ ಕೇಳಿದ್ದಕ್ಕೆ ಹೊಗೆ ಎಂದಳು. ಕುಲುಮೆ ಆಗಿನ್ನೂ ಹೊತ್ತಿಸಿರಲಿಲ್ಲ.

ಆ ವಾರವೇ ಎಣ್ಣೆ ವ್ಯಾಪಾರಿಯ ಗಾಡಿಗೆ ಒಂದು ಜೊತೆ ಹೊಸ ಚಕ್ರದ ಕೆಲಸ ಬಂತು. ವ್ಯಾಪಾರಿ ಊರೂರು ಸುತ್ತಿ ಎಣ್ಣೆ ಮಾರುವವನು, ಬಾಯಿಯೂ ಎಣ್ಣೆ ಹಾಕಿದ ಹಾಗೇ ನಡೆಯುತ್ತಿತ್ತು. ಚಕ್ರ ತಯಾರಾದ ಬೆಳಗ್ಗೆ ಗಂಡ ಅಳೆದು, ಎದ್ದು, ಅಂಗಿ ಕೊಡವಿಕೊಂಡ. "ನೀನ್ಯಾಕೆ ನಡೀತೀಯ, ಕೊಡು, ನಾನೇ ಹೋಗಿ ಬರ್ತೀನಿ. ಭಾವನ ಹತ್ತಿರ ಒಂದೆರಡು ಮಾತಾಡೋದಿದೆ."

ಹನ್ನೊಂದು ವರ್ಷದ ಮಾತು ಒಂದೆರಡು ಇರುತ್ತದೆಯೇ ಎಂದುಕೊಂಡು ನಗುತ್ತ ಪಾತ್ರೆ ಬೆಳಗುತ್ತಿದ್ದವಳು, ಸ್ವಲ್ಪ ಹೊತ್ತಿಗೆ ತಲೆಯೆತ್ತಿದರೆ ಗೋಡೆಯ ಮೊಳೆ ಬರಿದಾಗಿತ್ತು. ಅವಳ ಕೈ ನಿಂತಿತು.

ಓಡಿದರೆ ತಿರುವಿನಲ್ಲಿ ಸಿಗುತ್ತಾನೆ. ಸಿಕ್ಕರೆ ಏನೆನ್ನುವುದು? ಅಷ್ಟರಲ್ಲಿ ಕುಲುಮೆಯ ಕಡೆಯಿಂದ ಇಬ್ಬರು ಗಂಡಸರ ನಗು ಒಟ್ಟಿಗೆ ಕೇಳಿಸಿತು. ಆ ನಗು ಕೇಳಿದ ಮೇಲೆ ಅವಳು ಎದ್ದೇಳಲಿಲ್ಲ. ಜಗಳಕ್ಕೆಂದು ಬಿಡುತ್ತಿದ್ದ ಬೆರಳು ಜಗಳದ ಜೊತೆಗೇ ಹೋಗಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಹನ್ನೊಂದು ವರ್ಷ ಮಾಡಿದ್ದನ್ನು ಕೈ ಅಷ್ಟು ಬೇಗ ಬಿಡುತ್ತದೆಯೇ?

ಪಟ್ಟಿ ಹಾಕುವ ದಿನ ಬಡಗಿಯೂ ಅಂಗಳದಲ್ಲಿ ಇದ್ದ, ತಾನೇ ಒಂದು ಇಕ್ಕಳ ಹಿಡಿದಿದ್ದ. ಮೊದಲ ಪಟ್ಟಿ ಇಳಿಯಲಿಲ್ಲ. ಹೊಡೆದರು. ಇಬ್ಬರೂ ಎದುರುಬದುರು ನಿಂತು, ಒಬ್ಬರ ಏಟಿಗೆ ಒಬ್ಬರು ಏಟು ಸೇರಿಸಿ ಹೊಡೆದರು. "ಬಿಗಿ ಅಂದ್ರೆ ಇದು ಭಾವ." "ಹೂಂ ಮತ್ತೆ, ಹಿಂದೆ ಯಾವತ್ತೂ ಇಷ್ಟು ಬಿಗಿ ಕೂತಿರಲಿಲ್ಲ." ನೀರು ಸುರಿದಾಗ ಎದ್ದ ಆವಿಯಲ್ಲಿ ಅವಳಿಗೆ ಆ ನರಳಿಕೆ ಕೇಳಿಸಿತು. ಆವಿ ಹೋದ ಮೇಲೆ ಬಗ್ಗಿ ನೋಡಿದಳು. ಚಕ್ರ ಅಷ್ಟೇನೂ ಬಾಗಿರಲಿಲ್ಲ, ಎಣ್ಣೆಯವನ ಭಾರಕ್ಕೆಂದು ಗಂಡ ದಪ್ಪ ಆರೆ ಹಾಕಿದ್ದ. ಆದರೆ ಒಂದು ಆರೆಯ ಬುಡದಲ್ಲಿ ಕೂದಲೆಳೆಯಷ್ಟು ಸೀಳು. ಬೇರೆ ಯಾರೂ ನೋಡುತ್ತಿರಲಿಲ್ಲ. ಅವಳು ಬಾಯಿ ತೆಗೆದಳು.

"ತಂಗೀ," ಎಂದ ಅಣ್ಣ, ಮುಖ ಒರೆಸಿಕೊಳ್ಳುತ್ತ, "ಇವತ್ತು ನಿಮ್ಮನೇಲೇ ಊಟ ಕಣೇ. ಭಾವ ಕರೆದ."

ತೆರೆದ ಬಾಯಿ ಮುಚ್ಚಿಕೊಂಡಿತು.

ಅಣ್ಣ ಹೊಸ್ತಿಲು ದಾಟುವಾಗ ತಲೆ ತಗ್ಗಿಸಿದ. ಹನ್ನೊಂದು ವರ್ಷದ ಹಿಂದೆ ಬಾಗಿಲು ಗಿಡ್ಡ ಇತ್ತು, ಈಗ ಎತ್ತರ ಮಾಡಿಸಿದ್ದರು. "ಈ ಕಂಬ ಇಲ್ಲಿತ್ತಾ?" ಎಂದ. "ಅದನ್ನ ಹಾಕಿ ಒಂಬತ್ತು ವರ್ಷ ಆಯ್ತು ಭಾವ," ಎಂದ ಗಂಡ. ಅವಳು ಬಡಿಸಿದಳು. ಅಣ್ಣ ಮೂರು ಸಲ ಹಾಕಿಸಿಕೊಂಡ. ಅವನು ಸಾಕು ಎಂದ ಮೇಲೂ ಅವಳು ಇನ್ನೊಂದು ಸಲ ಬಡಿಸಿದಳು. ಆರೆಯ ಸೀಳು ಅವಳ ಕಣ್ಣ ಮುಂದೆಯೇ ಇತ್ತು. ಇವತ್ತು ಬೇಡ, ನಾಳೆ ಹೇಳಿದರಾಯಿತು ಎಂದುಕೊಂಡಳು. ಮಾರನೇ ದಿನ ಎಣ್ಣೆಯವನು ಬೆಳಗಾಗುವಷ್ಟರಲ್ಲಿ ಗಾಡಿ ಕಟ್ಟಿಕೊಂಡು ಹೋಗಿಬಿಟ್ಟಿದ್ದ.

ಹದಿನೇಳನೆಯ ದಿನ ಬಂದ, ನಡೆದುಕೊಂಡು. ಅಣ್ಣ ಆಗಲೇ ಅವಳ ಮನೆಗೆ ದಿನಬಿಟ್ಟು ದಿನ ಬರುವ ಅಭ್ಯಾಸ ಮಾಡಿಕೊಂಡಿದ್ದ. ಅವತ್ತೂ ಕಂಬಕ್ಕೆ ಒರಗಿ ಮಜ್ಜಿಗೆ ಲೋಟ ಹಿಡಿದು ಕೂತಿದ್ದ. ಎಣ್ಣೆಯವನ ಪಂಚೆ ಮೊಣಕಾಲಿನವರೆಗೂ ಎಣ್ಣೆ. ಕೈಯಲ್ಲಿ ಮುರಿದ ಆರೆಯ ತುಂಡು. ಅದನ್ನು ಇಬ್ಬರ ನಡುವೆ ನೆಲದ ಮೇಲೆ ಇಟ್ಟ.

"ನನಗೇನೂ ಆಗಿಲ್ಲ, ಎತ್ತಿಗೂ ಏನೂ ಆಗಿಲ್ಲ," ಎಂದ. "ಎಣ್ಣೆ ಮಾತ್ರ ಏರು ಏರಿ ಬರೋ ದಾರಿಗೆಲ್ಲ ಹಚ್ಚಿ ಬಂದಿದೀನಿ. ಹಿಂದೆ ಬರ್ತಿದ್ದೋರೆಲ್ಲ ನಡೆಯೋ ಕಷ್ಟ ಇಲ್ದೆ ಕೂತ್ಕೊಂಡೇ ಕೆಳಗಿಳೀತಿದಾರೆ. ಈಗ ಹೇಳಿ, ನಿಮ್ಮಲ್ಲಿ ಯಾರನ್ನ ಬೈಬೇಕು? ಬೈಗುಳ ದಾರಿಯುದ್ದಕ್ಕೂ ಜೋಡಿಸ್ಕೊಂಡು ಬಂದಿದೀನಿ, ವ್ಯರ್ಥ ಆಗಬಾರದು."

 ಬಡಗಿ ತುಂಡನ್ನು ಎತ್ತಿ ನೋಡಿದ. ಕಮ್ಮಾರ ಲೋಟ ಕೆಳಗಿಟ್ಟ.

"ಮರ ಚೆನ್ನಾಗಿ ಒಣಗಿತ್ತಾ, ಭಾವ?"

"ಮೂರು ವರ್ಷದ ಮರ, ಭಾವ. ಪಟ್ಟಿ ಸರಿಯಾಗಿತ್ತಾ?"

"ನೀನೇ ಅಲ್ವಾ ಎದುರಿಗೆ ನಿಂತಿದ್ದು?"

"ನಿಂತಿದ್ದೆ. ಕತ್ತರಿಸೋವಾಗ ನಿಂತಿರಲಿಲ್ಲ."

ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು. ಪ್ರತಿ ಮಾತಿಗೂ "ಭಾವ" ಎಂಬುದು ಸಣ್ಣದಾಗುತ್ತ ಬಂದು, ಕೊನೆಗೆ ಬಿದ್ದೇ ಹೋಯಿತು. ಅಣ್ಣ ಎದ್ದು ನಿಂತ. ಗಂಡನ ಕಡೆ ನೋಡುವುದನ್ನು ಬಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳ ಕಡೆ ತಿರುಗಿದ. "ತಂಗೀ, ನಿನ್ನ ಗಂಡನಿಗೆ ಹೇಳು..."

"ಹೇಳಲ್ಲ," ಎಂದಳು ಅವಳು.

ಬಾಗಿಲು ಬಿಟ್ಟು ಮುಂದೆ ಬಂದಳು.

"ಹನ್ನೊಂದು ವರ್ಷ ಹೇಳಿದೀನಿ. ಅವನು ಹೀಗಂದ, ಇವನು ಹೀಗಂದ. ಸಾಕಾಗಿದೆ. ಇವತ್ತು ನಂದೇ ಒಂದು ಮಾತಿದೆ, ಕೂತ್ಕೊಂಡು ಕೇಳು. ಆಮೇಲೆ ಬೇಕಾದ್ರೆ ಇನ್ನೊಂದು ಹನ್ನೊಂದು ವರ್ಷ ಮುಖ ತಿರುಗಿಸ್ಕೊಂಡು ಓಡಾಡು."

ಅವಳು ಮೊಳೆಯಿಂದ ಅಳತೆ ತೆಗೆದು ಗಂಡನ ಕೈಗಿಟ್ಟಳು. ಅಲ್ಲೇ, ಇನ್ನೂ ಪಟ್ಟಿ ಕೂರಿಸದ ಒಂದು ಚಕ್ರ ಗೋಡೆಗೆ ಒರಗಿತ್ತು. "ಅಳೀರಿ."

"ಈಗ್ಯಾಕೆ..."

"ಅಳೀರಿ ಅಂದೆ."

ಅವನು ಅಳೆದ. ಏಳು ಸುತ್ತು ಆಯಿತು, ನಿಂತಿತು. ಮೂವರ ಕಣ್ಣೂ ಅವನ ಮೇಲೇ ಇದ್ದವು. ಅದು ಗೊತ್ತಿದ್ದೂ, ಸೀಮೆಸುಣ್ಣ ಹಿಡಿದ ಕೈ ತಾನಾಗಿ ಒಂದು ಬೆರಳು ಹಿಂದಕ್ಕೆ ಸರಿಯಿತು. ಅವಳು ಮೆಲ್ಲಗೆ ಆ ಕೈ ಹಿಡಿದಳು. ನಿಜವಾಗಿ ನಿಂತ ಜಾಗದ ಮೇಲೆ ತನ್ನ ಬೆರಳಿಟ್ಟಳು. ಎರಡರ ನಡುವಿನ ಜಾಗ ಅಣ್ಣನಿಗೂ ಕಾಣಿಸಿತು, ಎಣ್ಣೆಯವನಿಗೂ ಕಾಣಿಸಿತು.

"ಅಯ್ಯೋ, ಕಳ್ಳ ಭಾವ," ಎಂದ ಅಣ್ಣ.

"ನೀನು ತಡಿ. ನೀನು ಎಷ್ಟು ಬಿಡ್ತೀಯ? ಬೆರಳು ಎತ್ತಿ ತೋರಿಸು."

ಅಣ್ಣ ಒಂದು ಬೆರಳು ಎತ್ತಿದ.

"ಅತ್ತಿಗೇನ ಕರೀಲಾ?"

ಎರಡನೆಯ ಬೆರಳು ನಿಧಾನಕ್ಕೆ ಮೇಲೆದ್ದಿತು. ಬಡಗಿ ಎರಡು ಬೆರಳನ್ನೂ ನೋಡಿದ, ತನ್ನ ಗೆರೆಯನ್ನೂ ನೋಡಿದ. ಕೂಡಿಸಿಕೊಂಡ. ಆಮೇಲೆ ಹುಬ್ಬು ಗಂಟಿಕ್ಕಿದ.

"ಹಂಗಾದ್ರೆ ಇಷ್ಟು ವರ್ಷ ಚಕ್ರ ಹೆಂಗೆ ನಿಂತವು?"

ಅವಳು ಬಲಗೈ ಹೆಬ್ಬೆರಳು ಮುಂದೆ ಹಿಡಿದಳು. ಉಗುರಿನ ಸಂದಿನಲ್ಲಿ ಬಿಳಿ. ಸೆರಗಿನ ಗಂಟು ಬಿಚ್ಚಿ, ಕಡಲೆಯಷ್ಟಾಗಿದ್ದ ಸೀಮೆಸುಣ್ಣದ ಚೂರನ್ನು ನೆಲದ ಮೇಲೆ, ಮುರಿದ ಆರೆಯ ಪಕ್ಕದಲ್ಲಿ ಇಟ್ಟಳು. "ಬಿದ್ದ ಗೋಡೆ ಹತ್ತಿರ," ಎಂದಳು. "ಪ್ರತಿ ಸಲ. ಈ ಜೊತೆಗೆ ಮಾತ್ರ ಇಲ್ಲ. ಇದನ್ನ ನೀವಿಬ್ಬರೇ ಮಾಡಿದ್ದು. ಸೀಳಿದ್ದು ಅವತ್ತೇ ನೋಡಿದ್ದೆ. ಹೇಳಬೇಕಿತ್ತು. ಅಣ್ಣ ಊಟಕ್ಕೆ ಬರ್ತೀನಿ ಅಂದ, ಹೇಳಲಿಲ್ಲ. ಅದು ನನ್ನ ತಪ್ಪು." ಎಣ್ಣೆಯವನ ಕಡೆ ತಿರುಗಿದಳು. "ಬೈಯೋದಿದ್ರೆ ನನ್ನ ಬೈಯಪ್ಪ."

ಎಣ್ಣೆಯವನು ಜೋಡಿಸಿಕೊಂಡು ಬಂದದ್ದನ್ನೆಲ್ಲ ಮರೆತು ಆ ಚೂರನ್ನೇ ನೋಡುತ್ತಿದ್ದ.

ಅವಳು ಅಂದುಕೊಂಡದ್ದು, ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ ಎಂದು. ಹಾಗಾಗಲಿಲ್ಲ. ಬಡಗಿ ಕಮ್ಮಾರನ ಮುಖ ನೋಡಿದ, ಕಮ್ಮಾರ ಬಡಗಿಯ ಮುಖ ನೋಡಿದ, ಆಮೇಲೆ ಇಬ್ಬರೂ ಒಟ್ಟಿಗೆ ಅವಳ ಮುಖ ನೋಡಿದರು.

"ನನ್ನ ಗೆರೆ ಅಳಿಸೋಕೆ ನೀನ್ಯಾರೇ?" ಎಂದ ಗಂಡ.

"ಅದನ್ನೇ ನಾನೂ ಕೇಳ್ತಿದೀನಿ," ಎಂದ ಅಣ್ಣ. "ಬಡಗಿ ಹಾಕಿದ ಗೆರೆ ಅದು. ಯಾರೂ ಮುಟ್ಟಂಗಿಲ್ಲ. ಸರಿಯಾಗಿ ಹೇಳಿದೆ, ಭಾವ."

"ಹನ್ನೊಂದು ವರ್ಷ ಭಾವ. ನಮ್ಮಿಬ್ಬರನ್ನೂ ಏನು ಅಂದ್ಕೊಂಡಿದಾಳೆ ಇವಳು?"

"ನಡಿ ಭಾವ, ಇಲ್ಲಿ ಕೂರೋದೇ ಬೇಡ."

ಇಬ್ಬರೂ ಹೊರಟೇ ಹೋದರು, ಕುಲುಮೆಯ ಕಡೆಗೆ, ಹೆಗಲಿಗೆ ಹೆಗಲು ತಾಗಿಸಿಕೊಂಡು, ಅವಳನ್ನು ಬೈದುಕೊಂಡು. ಎಣ್ಣೆಯವನು ಉಳಿದ ಮಜ್ಜಿಗೆ ಕುಡಿದ. "ಅಕ್ಕಾ, ಜಗಳ ಆಡೋದ್ರಲ್ಲೂ ಇವರಿಗೆ ನೀನೇ ಬೇಕಲ್ಲ," ಎಂದ.

ಮೂರು ದಿನ ಇಬ್ಬರೂ ಅವಳ ಜೊತೆ ಮಾತು ಬಿಟ್ಟರು. ಗಂಡ ಊಟಕ್ಕೆ ಬಂದರೂ ಅತ್ತಿಗೆಯನ್ನು ಜೊತೆಗೆ ಕರೆತರುತ್ತಿದ್ದ. "ಉಪ್ಪು ಕಮ್ಮಿ ಅಂತ ನಿಮ್ಮ ನಾದಿನಿಗೆ ಹೇಳಿ." ಅತ್ತಿಗೆ ಅವಳ ಕಡೆ ತಿರುಗಿ, "ಉಪ್ಪು ಕಮ್ಮಿಯಂತಮ್ಮಾ" ಎಂದು ಹೇಳಿ, ನಗು ತಡೆಯಲಾರದೆ ಹಿತ್ತಲಿಗೆ ಓಡುತ್ತಿದ್ದಳು. ಏಳುಸುತ್ತಕ್ಕ ಉಪ್ಪು ಹಾಕಿದಳು. ಅವಳಿಗೆ ಬೇಸರವೇನೂ ಆಗಲಿಲ್ಲ. ಬೇಕಿದ್ದದ್ದು ಬೇಕಾದ ಹಾಗೆ ಬಂದಿರಲಿಲ್ಲ, ಆದರೆ ಬಂದಿತ್ತು.

ಎಣ್ಣೆಯವನಿಗೆ ಹೊಸ ಚಕ್ರ ಆಗಬೇಕಿತ್ತಲ್ಲ. ಬಡಗಿ ಏನೂ ಬಿಡಬಾರದು, ಕಮ್ಮಾರ ಒಂದೇ ಬೆರಳು ಬಿಡಬೇಕು ಎಂದು ಇಬ್ಬರೂ ಒಪ್ಪಿಕೊಂಡರು. ಆದರೆ ಅಳೆಯಲು ಕೂತರೆ ಬಡಗಿಯ ಕೈ ಹಿಂದಕ್ಕೆ ಹೋಗುತ್ತಿತ್ತು. ಅದನ್ನು ನೋಡಿ ಕಮ್ಮಾರ ಏನೂ ಬಿಡದೆ ಕತ್ತರಿಸಲು ಹೊರಟರೆ, ಆ ಹೊತ್ತಿಗೆ ಬಡಗಿ ಗೆರೆಯನ್ನು ಸರಿಮಾಡಿರುತ್ತಿದ್ದ. ಒಂದು ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು.

ನಾಲ್ಕನೆಯ ದಿನ ಬೆಳಗ್ಗೆ ಇಬ್ಬರೂ ಅವಳ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಯಾರು ಮೊದಲು ಮಾತಾಡಬೇಕು ಎಂದು ಒಬ್ಬರನ್ನೊಬ್ಬರು ತಿವಿದರು. ಕೊನೆಗೆ ಗಂಡ ಅಳತೆಯನ್ನು ಮುಂದೆ ಚಾಚಿದ.

"ನೀನೇ ಉರುಳಿಸು."

"ನಾನ್ಯಾರು ಉರುಳಿಸೋಕೆ?"

"ಹಂಗಲ್ಲ ಕಣೇ," ಎಂದ ಅಣ್ಣ. "ನೀನು ಉರುಳಿಸಿ ಗೆರೆ ಹಾಕು. ಆ ಬೆರಳನ್ನೂ ನೀನೇ ಬಿಟ್ಟುಬಿಡು. ನಾವು ಯಾರೂ ಏನೂ ಬಿಡಲ್ಲ. ಗೆರೆ ಎಲ್ಲಿದೆಯೋ ಅಲ್ಲಿಗೇ ಕತ್ತರಿಸ್ತೀನಿ."

"ಎದುರಿಗೇ ಮಾಡ್ತೀನಿ. ಗೋಡೆ ಮರೇಲಿ ಅಲ್ಲ."

"ಎದುರಿಗೇ ಮಾಡು, ಮಾರಾಯ್ತಿ."

ಅವಳು ಕೈ ಒರೆಸಿಕೊಂಡು ಬಂದಳು. ಚಕ್ರದ ಸುತ್ತ ಅಳತೆ ಉರುಳಿಸಿದಳು, ಗಟ್ಟಿಯಾಗಿ ಎಣಿಸುತ್ತ; ಏಳಾಯಿತು, ನಿಂತಿತು. ನಿಂತ ಜಾಗದಿಂದ ಒಂದು ಬೆರಳು ಹಿಂದೆ ಗೆರೆ ಎಳೆದಳು. ಇಬ್ಬರೂ ಬಗ್ಗಿ ನೋಡಿದರು. ಇಬ್ಬರಿಗೂ ಏನೋ ಹೇಳಬೇಕೆನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. 

ಅಳತೆ ಹಿಡಿದು ಅವಳೇ ಮುಂದೆ ಹೊರಟಳು. ಹಿಂದೆ ಇಬ್ಬರೂ ಬಂದರು. ಬಾವಿಯ ಹತ್ತಿರ ಯಾರೋ "ಏನಕ್ಕಾ, ಇವತ್ತು ಮೆರವಣಿಗೇನಾ?" ಎಂದರು. "ಏಳು ಸುತ್ತು" ಎಂದಳು. ಬಿದ್ದ ಗೋಡೆಯ ತಿರುವಿಗೆ ಬಂದಾಗ ಅವಳ ಕಾಲು ತಾನಾಗಿ ನಿಂತಿತು. ಹಿಂದಿನ ಇಬ್ಬರೂ ಅವಳ ಬೆನ್ನಿಗೆ ಬಂದು ಮುಗ್ಗರಿಸಿದರು.

"ಏನಾಯ್ತು?" ಎಂದರು ಇಬ್ಬರೂ.

ಅವಳು ಹೆಬ್ಬೆರಳನ್ನು ನೋಡಿಕೊಂಡಳು. ಆಮೇಲೆ ಅದನ್ನು ಮಡಿಸಿ ಹಿಡಿಕೆಯ ಸುತ್ತ ಬಿಗಿಯಾಗಿ ಹಿಡಿದಳು.

"ಏನಿಲ್ಲ, ನಡೀರಿ. ಮಾತಾಡಿಸಬೇಡಿ, ಮರೆತುಹೋಗುತ್ತೆ."